ಫೋನ್ ಕರೆಗಳ ಕಾಟದಿಂದ ಹುಟ್ಟಿದ ತೋಟದ ತರಗತಿ

ಟೊಮೆಟೊ ಕಾಯಿಯ ತಳ ಕಪ್ಪಾಗಿದೆ, ಏನು ಮಾಡಲಿ? ಹುಲ್ಲುಹಾಸಿನ ತುಂಬ ಪಾಚಿ ಹಬ್ಬಿದೆ, ಏನು ಹಾಕಲಿ? 1970ರ ದಶಕದ ಆರಂಭದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಮತ್ತು ಟಕೋಮಾ ನಗರಗಳ ಕೃಷಿ ವಿಸ್ತರಣಾ ಕಚೇರಿಗಳಲ್ಲಿ ಇಂಥ ಪ್ರಶ್ನೆ ಹೊತ್ತ ಫೋನುಗಳು ಬಿಡುವಿಲ್ಲದೆ ಬಡಿದುಕೊಳ್ಳುತ್ತಿದ್ದವು.

ವಿಸ್ತರಣಾ ಸೇವೆ ಹುಟ್ಟಿದ್ದೇ ರೈತರಿಗಾಗಿ. ವಿಶ್ವವಿದ್ಯಾಲಯದ ಸಂಶೋಧನೆಯನ್ನು ಹೊಲಕ್ಕೆ ತಲುಪಿಸಬೇಕೆಂದು 1914ರ ಸ್ಮಿತ್-ಲೀವರ್ ಕಾಯ್ದೆ ಅದಕ್ಕೆ ದೇಶವ್ಯಾಪಿ ರೂಪ ಕೊಟ್ಟಿತ್ತು. ಆದರೆ ಸಿಯಾಟಲ್ ಇರುವ ಕಿಂಗ್ ಕೌಂಟಿ, ಟಕೋಮಾ ಇರುವ ಪಿಯರ್ಸ್ ಕೌಂಟಿ ಎರಡೂ ಸೇರಿ ಆಗಲೇ 15 ಲಕ್ಷ ಜನಸಂಖ್ಯೆ ದಾಟಿದ್ದವು. ಹೊಲಗಳಿದ್ದಲ್ಲಿ ಮನೆ ಎದ್ದಿತ್ತು, ಮನೆಯ ಸುತ್ತ ಹಿತ್ತಿಲು. ಸಲಹೆ ಕೇಳುವವರು ಲಕ್ಷಗಟ್ಟಲೆ, ಹೇಳುವವರು ಬೆರಳೆಣಿಕೆ.

ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರು ವಿಸ್ತರಣಾಧಿಕಾರಿಗಳು, ಡೇವಿಡ್ ಗಿಬ್ಬಿ ಮತ್ತು ಬಿಲ್ ಶೀರ್, ಮೊದಲು ಹುಡುಕಿದ್ದು ಎಲ್ಲರಿಗೂ ಹೊಳೆಯುವ ಉಪಾಯವನ್ನೇ: ರೇಡಿಯೊ, ಟಿವಿಯಲ್ಲಿ ಒಮ್ಮೆ ಹೇಳಿಬಿಟ್ಟರೆ ಎಲ್ಲರಿಗೂ ಮುಟ್ಟುತ್ತದಲ್ಲ! ಆದದ್ದು ಉಲ್ಟಾ. ಹೀಗೊಂದು ಕಚೇರಿ ಇದೆ, ಕೇಳಿದರೆ ಪುಕ್ಕಟೆ ಉತ್ತರ ಕೊಡುತ್ತದೆ ಎಂಬುದು ಊರಿಗೆಲ್ಲ ಗೊತ್ತಾಗಿ ಕರೆಗಳು ಇನ್ನಷ್ಟು ಹೆಚ್ಚಿದವು.

ಆಗ ಹೊಳೆದದ್ದು ಸ್ವಯಂಸೇವಕರ ಯೋಚನೆ. ಗಿಡಗಳ ಹುಚ್ಚಿರುವ ಸಾಮಾನ್ಯರನ್ನೇ ಕರೆದು ಪಾಠ ಹೇಳಿ, ಪರೀಕ್ಷೆ ಮಾಡಿ, ಜನರ ಮುಂದೆ ಕೂರಿಸುವುದು. ವಿಶ್ವವಿದ್ಯಾಲಯದ ತಜ್ಞರು ಮೂಗು ಮುರಿದರು. ಕೀಟಶಾಸ್ತ್ರ, ಸಸ್ಯರೋಗಶಾಸ್ತ್ರ ಓದದವರು ಔಷಧಿ ಹೇಳುವುದೆಂದರೆ? ಅನುಮಾನ ತಪ್ಪಲ್ಲ, ಕೀಟನಾಶಕದ ಅಳತೆ ತಪ್ಪಿದರೆ ಗಿಡವಷ್ಟೇ ಅಲ್ಲ, ಮನೆಮಂದಿಯ ಆರೋಗ್ಯವೂ ಕೆಡುತ್ತದೆ. ವಾದ ಮಾಡುವ ಬದಲು 1972ರಲ್ಲಿ ಟಕೋಮಾ ಮಾಲ್‌ನಲ್ಲಿ ಪ್ರಾಯೋಗಿಕವಾಗಿ ಒಂದು ಸಸ್ಯ ಚಿಕಿತ್ಸಾಲಯ ತೆರೆದರು. ಅಲ್ಲಿ ಮುಗಿಬಿದ್ದ ಜನರನ್ನು ಕಂಡ ಮೇಲೆ ತಜ್ಞರ ಪಟ್ಟು ಸಡಿಲಿತು. ‘ಸನ್‌ಸೆಟ್’ ಪತ್ರಿಕೆಯಲ್ಲಿ ಸುದ್ದಿ ಬಂದದ್ದೇ ನೂರಾರು ಮಂದಿ ಅರ್ಜಿ ಹಾಕಿದರು. 1973ರಲ್ಲಿ ‘ಮಾಸ್ಟರ್ ಗಾರ್ಡನರ್’ಗಳ ಮೊದಲ ತರಗತಿ ಶುರುವಾಯಿತು.

ಕರಾರು ನೇರವಾಗಿತ್ತು: ನಾವು ಕಲಿಸುತ್ತೇವೆ, ಬದಲಿಗೆ ನೀವು ಇಷ್ಟು ಗಂಟೆ ಊರಿಗೆ ಕೊಡಬೇಕು. ಮಣ್ಣು, ಹಣ್ಣು-ತರಕಾರಿ, ಹುಲ್ಲುಹಾಸು, ಕಳೆ, ಕೀಟ, ರೋಗ, ಔಷಧಿಯ ಸುರಕ್ಷಿತ ಬಳಕೆ ಎಲ್ಲವೂ ಪಾಠದಲ್ಲಿದ್ದವು. ಗಿಡದ ಮೇಲಿನ ಪ್ರೀತಿಯಿಂದಲೇ ಈ ಯೋಜನೆ ಉಳಿಯಿತೆನ್ನುವುದು ಅರ್ಧ ಸತ್ಯ. ಅದನ್ನು ಉಳಿಸಿದ್ದು ಪರೀಕ್ಷೆ ಮತ್ತು ಗಂಟೆಗಳ ಲೆಕ್ಕ.

ಈ ಚಿಕಿತ್ಸಾಲಯವೆಂದರೆ ದೊಡ್ಡ ಏರ್ಪಾಡೇನಲ್ಲ. ಒಂದು ಮೇಜು, ಭೂತಗನ್ನಡಿ, ಕೆಲವು ಕೈಪಿಡಿಗಳು. ಯಾರೋ ಪ್ಲಾಸ್ಟಿಕ್ ಚೀಲದಲ್ಲಿ ರೋಡೊಡೆಂಡ್ರಾನ್ ಎಲೆ ತರುತ್ತಾರೆ. ಅಂಚಿನುದ್ದಕ್ಕೂ ಕಂಡಕ್ಟರ್ ಟಿಕೆಟ್ ಪಂಚ್ ಮಾಡಿದಂತೆ ಕಚ್ಚುಗಳು. ‘ಹಗಲು ಹುಳು ಕಂಡಿತೇ?’ ‘ಇಲ್ಲ.’ ಹಾಗಾದರೆ ಮೂತಿಹುಳುವಿನ ಮೇಲೆಯೇ ಗುಮಾನಿ. ಅದು ಹಗಲು ಬುಡದ ಕಸದಲ್ಲಿ ಅಡಗಿದ್ದು ರಾತ್ರಿ ಹತ್ತಿ ಮೇಯುತ್ತದೆ. ಮರಿಹುಳುಗಳು ಮಣ್ಣಿನೊಳಗೆ ಬೇರು ತಿನ್ನುತ್ತವೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ನೋಡಿ ಎನ್ನುವುದೇ ಮೊದಲ ಸಲಹೆ. ಔಷಧಿಯ ಮಾತು ಆಮೇಲೆ. ಟೊಮೆಟೊ ತಳ ಕಪ್ಪಾದವರಿಗಂತೂ ಔಷಧಿಯೇ ಬೇಡ. ಅದು ರೋಗಾಣುವಿನ ಕೆಲಸವಲ್ಲ; ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದಾಗ ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪದೆ ಆಗುವ ತೊಂದರೆ.

ಸ್ವಯಂಸೇವಕರಿಗೆ ಗಟ್ಟಿ ಬೇಲಿಯೂ ಇದೆ. ಅಜ್ಜಿಯ ಉಪಾಯ, ಪಕ್ಕದ ಮನೆಯವರ ಅನುಭವ ಏನೇ ಇರಲಿ, ಸಂಶೋಧನೆಯ ಆಧಾರವಿಲ್ಲದ್ದನ್ನು ಹೇಳುವಂತಿಲ್ಲ. ಮಾಸ್ಟರ್ ಗಾರ್ಡನರ್ ಎಂಬ ಹೆಸರನ್ನು ಸ್ವಂತ ವ್ಯಾಪಾರಕ್ಕೆ ಬಳಸುವಂತಿಲ್ಲ. ನರ್ಸರಿಯ ಬೋರ್ಡಿನ ಮೇಲೆ ಅದು ಕಂಡ ದಿನವೇ ಜನರ ನಂಬಿಕೆ ಹೋಗುತ್ತಿತ್ತು.

ಎರಡು ಕೌಂಟಿಗಳಲ್ಲಿ ಶುರುವಾದ ಪದ್ಧತಿ ಮುಂದೆ ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳಿಗೂ ಹಬ್ಬಿ, ಕೆನಡಾ, ದಕ್ಷಿಣ ಕೊರಿಯಾ ಮುಟ್ಟಿತು. 2023ರಲ್ಲಿ ಅದಕ್ಕೆ ಐವತ್ತು ತುಂಬಿತು.

ನಮಗೂ ಈ ಕಥೆ ತೀರ ದೂರದ್ದಲ್ಲ. 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪುಗೊಂಡದ್ದು ಪಾಠ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಸೂರಿನಡಿ ತಂದ ಅಮೆರಿಕದ ಅದೇ ಮಾದರಿಯಲ್ಲಿ. ತಾರಸಿ ತೋಟದ ಪಾಠ ಬೆಂಗಳೂರಿನಲ್ಲಿ ಜನಪ್ರಿಯವಾದದ್ದು ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ಅವರಂಥವರ ಉತ್ಸಾಹದಿಂದ. ಕಲಿತವರು ಇಲ್ಲಿ ಸಾಕಷ್ಟಿದ್ದಾರೆ. ಅವರಿಂದ ಗಂಟೆಗಳ ಲೆಕ್ಕದಲ್ಲಿ ಸೇವೆ ಕೇಳುವ ವ್ಯವಸ್ಥೆ ಬೇಕು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಕ್ಕೆಂದು ವರ್ಷಕ್ಕೆರಡು ಸಲ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಅಲ್ಲಿ ಪರೀಕ್ಷೆ ಪಾಸಾದ ಸ್ವಯಂಸೇವಕರ ಸಸ್ಯ ಚಿಕಿತ್ಸಾಲಯವೊಂದನ್ನು ತೋಟಗಾರಿಕೆ ಇಲಾಖೆ ನಡೆಸಲಿ. ಮುದುಡಿದ ಮೆಣಸಿನ ಎಲೆಯನ್ನು ಚೀಲದಲ್ಲಿಟ್ಟುಕೊಂಡು ಬರುವವರಿಗೆ ಬೆಂಗಳೂರಿನಲ್ಲಿ ಬರವಿಲ್ಲ.