ಕಡಿದ ತಂತಿಯಿಂದ ಹುಟ್ಟಿದ ಪಿಕಪ್

ಅಮೆರಿಕದ ನ್ಯೂಜೆರ್ಸಿಯಲ್ಲಿ ಬೆಳೆದ ಸೆಮೋರ್ ಡಂಕನ್ ಹದಿಹರೆಯದಲ್ಲಿ ತನ್ನ ಎಲೆಕ್ಟ್ರಿಕ್ ಗಿಟಾರನ್ನು ಗೆಳೆಯನಿಗೆ ಎರವಲು ಕೊಟ್ಟಿದ್ದ. ಮರಳಿ ಬಂದಾಗ, ನಾದವನ್ನು ಹಿಡಿಯುವ ಪಿಕಪ್ ಸತ್ತಿತ್ತು, ಅದರೊಳಗಿನ ತಂತಿ ಕಡಿದಿತ್ತು. ಅದು 1960ರ ದಶಕ. ಕೆಟ್ಟ ಪಿಕಪ್ಪಿಗೆ ಬದಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಹುಡುಗ ಮನೆಯ ರೆಕಾರ್ಡ್ ಪ್ಲೇಯರಿನ ತಿರುಗುವ ತಟ್ಟೆಯ ಮೇಲೆ ಪಿಕಪ್ಪನ್ನು ಕೂರಿಸಿ, ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ತಾನೇ ತಂತಿ ಸುತ್ತಿದ. ಆ ಬಗೆಯ ಪಿಕಪ್ಪಿಗೆ ಏಳೆಂಟು ಸಾವಿರ ಸುತ್ತು ಬೇಕು. ಲೆಕ್ಕ ಹಾಕಿದರೆ ನಾಲ್ಕು ತಾಸಿನ ಹತ್ತಿರ ಹೋಗುತ್ತದೆ. ತಂತಿಯೋ ಕೂದಲೆಳೆಗಿಂತ ತೆಳುವು, ಬೆರಳು ಸ್ವಲ್ಪ ಬಿಗಿಯಾದರೆ ಪಟ್ಟನೆ ಹರಿಯುತ್ತದೆ. ಮುಂದೆ ಜಗತ್ತಿನ ಗಿಟಾರುಗಳ ದನಿಯನ್ನೇ ಬದಲಿಸಿದ ಒಂದು ಕಸುಬಿಗೆ ಅಂದು ಆ ತಟ್ಟೆಯ ಮೇಲೆ ಮೊದಲ ಸುತ್ತು ಬಿತ್ತು.

ತೆಲಂಗಾಣದ ದಾಮರಗಿದ್ದದಲ್ಲಿ ಕೂತು ಇದನ್ನು ಬರೆಯುವಾಗ ನಮ್ಮ ಕಡೆಯ ಮೋಟಾರ್ ವೈಂಡಿಂಗ್ ಅಂಗಡಿಗಳು ಕಣ್ಣಮುಂದೆ ಬರುತ್ತವೆ. ಬೋರಿನ ಮೋಟಾರು ಸುಟ್ಟಾಗ ನಾರಾಯಣಪೇಟೆಗೋ ರಾಯಚೂರಿಗೋ ಹೊತ್ತುಕೊಂಡು ಓಡುವ ನಮಗೆ, ತಾಮ್ರದ ಸುರುಳಿಯ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಪಿಕಪ್ ಕೂಡ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಸುರುಳಿಯೇ. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ತೊಂದರೆ ಏನೆಂದರೆ, ಒಂಟಿ ಸುರುಳಿ ಸುತ್ತಲಿನ ವೈರುಗಳ ಕರೆಂಟಿನ ಗುಂಯ್ ಸದ್ದನ್ನೂ ಹಿಡಿದುಕೊಳ್ಳುತ್ತದೆ. ಸೀರಿಯಲ್ ಸೆಟ್ಟು, ಜನರೇಟರು, ಉದ್ದುದ್ದ ವೈರು ಹರಡಿದ ಜಾತ್ರೆಯ ವೇದಿಕೆಯಲ್ಲಿ ಆ ಗುಂಯ್‌ಗುಡುವಿಕೆ ಹಾಡಿನ ನಡುವಿನ ಮೌನವನ್ನೆಲ್ಲ ನುಂಗಿಬಿಡುತ್ತದೆ.

ಇದಕ್ಕೆ ಮದ್ದು ಕಂಡುಹಿಡಿದವನು ಗಿಬ್ಸನ್ ಕಂಪನಿಯ ಸೇತ್ ಲವರ್. ಆಂಪ್ಲಿಫೈಯರ್ ಕೆಲಸದಲ್ಲಿ ಪಳಗಿದ್ದ ಈತ ಎರಡು ಸುರುಳಿಗಳನ್ನು ಅಕ್ಕಪಕ್ಕ ಇಟ್ಟು, ಒಂದರ ಸುತ್ತನ್ನೂ ಅಯಸ್ಕಾಂತದ ಧ್ರುವವನ್ನೂ ಇನ್ನೊಂದಕ್ಕೆ ವಿರುದ್ಧ ಮಾಡಿದ. ಗುಂಯ್ ಸದ್ದು ಒಂದಕ್ಕೊಂದು ಬಡಿದು ಸಾಯುತ್ತದೆ, ತಂತಿಯ ನಾದ ಕೂಡಿಕೊಂಡು ದಪ್ಪವಾಗುತ್ತದೆ. ಪೇಟೆಂಟಿಗೆ ಅರ್ಜಿ ಹಾಕಿದ್ದು 1955ರಲ್ಲಿ, ಸಿಕ್ಕಿದ್ದು 1959ರಲ್ಲಿ. ಇದೇ ಹಂಬಕರ್. ಆ ಕಾಲದ ಯಂತ್ರಗಳಲ್ಲಿ ಸುತ್ತು ನಿಖರವಾಗಿ ಎಣಿಸಿ ತಾನಾಗಿ ನಿಲ್ಲುವ ವ್ಯವಸ್ಥೆ ಇರಲಿಲ್ಲ. ಒಂದರಲ್ಲಿ ಐದು ಸಾವಿರ ಸುತ್ತಿದ್ದರೆ ಇನ್ನೊಂದರಲ್ಲಿ ಹೆಚ್ಚುಕಡಿಮೆ. ಹಾಗಾಗಿ ಒಂದರಂತೆ ಇನ್ನೊಂದು ನುಡಿಯುತ್ತಿರಲಿಲ್ಲ.

ಅಲ್ಲಿಂದ ನೇರ 1970ರ ದಶಕದ ಲಂಡನ್ನಿಗೆ ಬರೋಣ. 1972ರಲ್ಲಿ ಲ್ಯಾರಿ ಡಿಮಾರ್ಜಿಯೊ ಅಮೆರಿಕದಲ್ಲಿ ‘ಸೂಪರ್ ಡಿಸ್ಟಾರ್ಷನ್’ ಎಂಬ ಬದಲಿ ಪಿಕಪ್ ತಂದು ದೊಡ್ಡ ಹೆಸರು ಮಾಡಿದ್ದ, ಆದರೆ ಅದು ಅಬ್ಬರಕ್ಕೇ ಹುಟ್ಟಿದ್ದು. ಅಷ್ಟರಲ್ಲಿ ಲಂಡನ್ನಿಗೆ ಬಂದು ಗಿಟಾರ್ ರಿಪೇರಿ ಮಾಡುತ್ತಿದ್ದ ಡಂಕನ್ ಬೇರೆ ದಾರಿ ಹಿಡಿದ. ಮುರಿದ ಹಳೆಯ ಗಿಬ್ಸನ್ ಗಿಟಾರಿನ ಕೆಟ್ಟ ಹಂಬಕರುಗಳಿಗೆ ಹೊಸ ತಂತಿ ಸುತ್ತಿ, ಫೆಂಡರ್ ಟೆಲಿಕಾಸ್ಟರಿನ ದೇಹಕ್ಕೆ ಕೂರಿಸಿದ. ಎರಡು ಕಂಪನಿಗಳ ಎರಡು ಸ್ವಭಾವ ಒಂದೇ ಗಿಟಾರಿನಲ್ಲಿ ಸೇರಿದವು. ಅದನ್ನು ಗಿಟಾರ್ ವಾದಕ ಜೆಫ್ ಬೆಕ್‌ಗೆ ಕೊಟ್ಟ. 1975ರ ‘ಬ್ಲೋ ಬೈ ಬ್ಲೋ’ ಆಲ್ಬಮ್ಮಿನಲ್ಲಿ ಆ ಗಿಟಾರು ಪಿಸುಮಾತಿನಿಂದ ಅಳುವಿನವರೆಗೆ ಎಲ್ಲವನ್ನೂ ನುಡಿಯಿತು. ಬದಲಿಗೆ ಬೆಕ್ ತನ್ನ ಹಳೆಯ ಎಸ್ಕ್ವೈರ್ ಗಿಟಾರನ್ನೇ ಡಂಕನ್‌ಗೆ ಕೊಟ್ಟ. ಮುಂದೆ ಡಂಕನ್ ಅಮೆರಿಕಕ್ಕೆ ಮರಳಿ ಸ್ವಂತ ಕಂಪನಿ ಕಟ್ಟಿದ. ಆ ರಿಪೇರಿಯ ಅನುಭವವೇ ‘ಜೆಬಿ’ ಎಂಬ ಪಿಕಪ್ಪಾಗಿ ಮಾರುಕಟ್ಟೆಗೆ ಬಂತು.

ಎಲ್ಲ ಬಗೆಯ ಹಾಡಿಗೂ ಒಗ್ಗುವ ಪಿಕಪ್ ಬೇಕೆನ್ನುವವರಿಗೆ ಈ ಕಥೆಯಲ್ಲೇ ಉತ್ತರವಿದೆ. ನಮ್ಮ ಕಡೆಯ ಆರ್ಕೆಸ್ಟ್ರಾದ ಹುಡುಗ ಒಂದೇ ರಾತ್ರಿ ದೇವರ ನಾಮ, ಕನ್ನಡದ ಹಳೇ ಸಿನಿಮಾ ಹಾಡು, ತೆಲುಗಿನ ಕುಣಿತದ ಹಾಡು ಮೂರನ್ನೂ ನುಡಿಸಬೇಕು. ಅವನಿಗೆ ಅಬ್ಬರದ ಪಿಕಪ್ ಬೇಡ. ಹದವಾಗಿ ಸುತ್ತಿದ, ಅಲ್ನಿಕೊ ಅಯಸ್ಕಾಂತದ ಹಂಬಕರ್ ಸಾಕು. ಸಿಗ್ನಲ್ಲಿಗೆ ನಾಲ್ಕು ವೈರು ಹೊರಗೆ ಬಂದಿರುವುದನ್ನೇ ಕೇಳಿ ಕೊಳ್ಳಬೇಕು. ಆಗ ಒಂದು ಸ್ವಿಚ್ಚಿನಿಂದ ಎರಡು ಸುರುಳಿಗಳನ್ನು ಸೀರೀಸ್‌ನಲ್ಲಿ, ಪ್ಯಾರಲಲ್‌ನಲ್ಲಿ, ಇಲ್ಲವೇ ಒಂದನ್ನು ಮಾತ್ರ ಬಳಸಬಹುದು. ಒಂದನ್ನೇ ಬಳಸಿದರೆ ಗುಂಯ್ ಸದ್ದು ಮರಳುತ್ತದೆ. ಜಾತ್ರೆಯ ವೇದಿಕೆಗೆ ಪ್ಯಾರಲಲ್ ಒಳ್ಳೆಯದು: ದನಿ ತೆಳುವಾಗುತ್ತದೆ, ಗುಂಯ್ ಸದ್ದು ಮಾತ್ರ ಬರುವುದಿಲ್ಲ. ಸುರುಳಿಯ ರೋಧ ಎಷ್ಟು ಓಮ್ಸ್ ಎಂದಷ್ಟೇ ನೋಡಿ ಪಿಕಪ್ ಆರಿಸುವುದು ತಪ್ಪು. ಅಯಸ್ಕಾಂತ, ತಂತಿಯ ದಪ್ಪ, ಸುತ್ತಿದ ಬಿಗಿ ಎಲ್ಲವೂ ಸೇರಿ ದನಿ ಹುಟ್ಟುತ್ತದೆ.

ಗಮಕ ಎಳೆಯುವವರಿಗೆ ಇನ್ನೊಂದು ಮಾತು. ತಂತಿಯನ್ನು ಅಡ್ಡಕ್ಕೆ ಎಳೆದಾಗ ಅದು ತನ್ನ ಕೆಳಗಿರುವ ಪಿಕಪ್ಪಿನ ಲೋಹದ ಗುಂಡಿಯ ಮೇಲಿಂದ ಸರಿಯುತ್ತದೆ, ದನಿ ಕುಗ್ಗಬಹುದು. ಗುಂಡಿಗಳ ಬದಲು ಉದ್ದನೆಯ ಪಟ್ಟಿ ಇರುವ ಪಿಕಪ್ಪಿನಲ್ಲಿ ಈ ತೊಂದರೆ ಕಡಿಮೆ. ಪಾಲಕೊಲ್ಲಿನ ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲೇ ಕರ್ನಾಟಕ ಸಂಗೀತದ ಗಮಕವನ್ನು ತುಂಬಿದರು. ಎಲೆಕ್ಟ್ರಾನಿಕ್ ತಂಬೂರಿಗೆ ಹೆಸರಾದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಡಿಜಿಟಲ್ ವೀಣೆಯನ್ನೇ ಮಾಡಿದರು. ಸುರುಳಿ, ಸರ್ಕ್ಯೂಟುಗಳ ವಿದ್ಯೆ ನಮ್ಮ ಸಂಗೀತಕ್ಕೆ ಹೊರಗಿನದಲ್ಲ.

ನನ್ನ ಬೇಸರ ಇಷ್ಟೇ. ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತ ತೆಳು ತಂತಿಯನ್ನು ಬೆರಳಲ್ಲಿ ಅರಿತಿದ್ದ ಮೆಕ್ಯಾನಿಕ್ಕುಗಳು ನಮ್ಮ ಪೇಟೆಗಳಿಂದ ಮರೆಯಾಗುತ್ತಿದ್ದಾರೆ. ಕೆಟ್ಟ ಪಿಕಪ್ ಕಸಕ್ಕೆ ಹೋಗುತ್ತಿದೆ, ಹೊಸದು ಆನ್‌ಲೈನಿನಲ್ಲಿ ಬರುತ್ತಿದೆ. ಗಿಟಾರ್ ಹಿಡಿದ ಹುಡುಗ ಹುಡುಗಿಯರೇ, ಹೊಸದನ್ನು ಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಕೆಟ್ಟದ್ದನ್ನು ಎಸೆಯಬೇಡಿ. ಸಣ್ಣ ತಂತಿ ಸುತ್ತಬಲ್ಲ ಕೈ ಊರಲ್ಲಿ ಇನ್ನೂ ಇದ್ದರೆ ಹೋಗಿ ಕೂತು ಕಲಿಯಿರಿ.