ಹೊರಗಿನ ನೀರು, ಒಳಗಿನ ನೀರು

ಮಳೆಯ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ಬಹುಕಾಲ ನನ್ನ ಹೆಮ್ಮೆಯಾಗಿತ್ತು. ನಾನು ಹುಟ್ಟಿದ್ದು ಬಂಟ್ವಾಳದಲ್ಲಿ. ನೇತ್ರಾವತಿ ಉಕ್ಕಿ ಬಂದ 1923ರ ನೆರೆಯ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿ, 1974ರ ನೆರೆಯನ್ನು ಕಣ್ಣಾರೆ ಕಂಡು ಬೆಳೆದವನು. ಅಧ್ಯಾಪಕನಾಗಿ ದುಡಿದದ್ದು ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿ ಘಾಟಿಯ ಬುಡದಲ್ಲಿ. ನಿವೃತ್ತನಾದ ಮೇಲೆ ಮೂಡುಬಿದಿರೆಯಲ್ಲಿ ನೆಲೆಸಿದ್ದೇನೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನೆಲ ಇದು. ಇಂಥ ನೆಲದವನಾದ ನಾನು, ಒಂದು ಹನಿ ಮಳೆಯೂ ಇಲ್ಲದ ಬೆಟ್ಟದ ಮೇಲೆ, ಹೊಳೆಯುವ ಬಿಸಿಲಿನಲ್ಲಿ, ಮೈಯೆಲ್ಲ ಒದ್ದೆಯಾಗಿ ಗಡಗಡ ನಡುಗಿದೆನೆಂದರೆ ನೀವು ನಂಬುವಿರಾ?

ಅದು ನಡೆದದ್ದು ಉತ್ತರಾಖಂಡದ ಔಲಿಯಲ್ಲಿ. ಡೆಹರಾಡೂನಿನಲ್ಲಿರುವ ಮಗಳು ಫೆಬ್ರವರಿ ತಿಂಗಳಲ್ಲಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಎದುರಿಗೆ ನಂದಾದೇವಿಯ ಶಿಖರ. ಕಾಲಡಿಯಲ್ಲಿ ಹಿಮದ ಇಳಿಜಾರು. ಅದರ ಮೇಲೆ ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಜಾರುವ ಹುಡುಗ ಹುಡುಗಿಯರು. ಜಾರುವ ಸಾಹಸ ನನ್ನದಲ್ಲ. ಆದರೂ ಮಗಳು ಕೊಡಿಸಿದ ಸ್ಕೀ ಜಾಕೆಟ್ಟನ್ನು ತೊಟ್ಟು, ಚಳಿಗೆ ಹೆದರಿ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು, ಇಳಿಜಾರನ್ನು ಮುಕ್ಕಾಲು ಗಂಟೆ ಹತ್ತಿದೆ. ಮೇಲೆ ಹೋಗಿ ಕುಳಿತ ಹತ್ತೇ ನಿಮಿಷಕ್ಕೆ ನಡುಕ ಹುಟ್ಟಿತು. ಬೆರಳುಗಳು ಜಿಪ್ಪನ್ನು ಹಿಡಿಯಲಾರದಾದವು. ಮಗಳು ಓಡಿ ಬಂದು ಜಾಕೆಟ್ಟಿನೊಳಗೆ ಕೈಯಿಟ್ಟು ನೋಡಿದಳು. "ಅಪ್ಪಾ, ಒಳಗೆ ಹತ್ತಿಯ ಬನಿಯನ್ ಹಾಕಿದ್ದೀರಲ್ಲ! ಹಿಂಡಿದರೆ ನೀರು ಬರುವ ಹಾಗಿದೆ" ಎಂದಳು. ಒಣ ಉಣ್ಣೆಯಂಗಿ ತೊಡಿಸಿ ಬಿಸಿ ಚಹಾ ಕುಡಿಸಿದ ಮೇಲೆಯೇ ನನಗೆ ನೆಟ್ಟಗೆ ಮಾತು ಹೊರಟಿತು.

ಇದು ನಕ್ಕು ಮರೆಯುವ ಮಾತಲ್ಲ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಒದ್ದೆ ಬಟ್ಟೆ ಮೈಯ ಕಾವನ್ನು ಹೀರುತ್ತಲೇ ಇರುತ್ತದೆ. ದೇಹದ ಉಷ್ಣ 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಅಪಾಯ ಆರಂಭವಾಗುತ್ತದೆ: ನಡುಕ, ತೊದಲುವ ಮಾತು, ಕೈಗೆ ಸಿಕ್ಕದ ಗುಂಡಿ, ಕೊನೆಗೆ ಮಂಪರು. ಬೆಟ್ಟದಲ್ಲಿ ಮನುಷ್ಯನನ್ನು ಕೆಡಹುವ ನೀರು ಆಕಾಶದಿಂದಲೇ ಬರಬೇಕೆಂದಿಲ್ಲ; ಅವನ ಬೆವರೇ ಸಾಕು.

ಈ ಒಳಗಿನ ನೀರಿನ ಸಮಸ್ಯೆ ಹಳೆಯದು. 1823ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರನ್ನು ಅಂಟಿಸಿ ನೀರು ಇಳಿಯದ ಬಟ್ಟೆಗೆ ಹಕ್ಕುಪತ್ರ ಪಡೆದ. ಮಳೆ ಹೊರಗೇ ನಿಂತಿತು. ಆದರೆ ಬೆವರೂ ಒಳಗೇ ನಿಂತಿತು. ಕಷ್ಟದ ಕೆಲಸದಲ್ಲಿ ದೇಹ ಗಂಟೆಗೆ ಒಂದು ಲೀಟರಿನಷ್ಟು ಬೆವರಬಲ್ಲದು. ಅದು ಹೋಗುವುದಾದರೂ ಎಲ್ಲಿಗೆ?

ಉತ್ತರ ದೊರೆಯಲು ಸುಮಾರು ನೂರೈವತ್ತು ವರ್ಷ ಬೇಕಾಯಿತು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬಾತ ಒಂದು ಬಗೆಯ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಕಾಯಿಸಿ ಮೆಲ್ಲಗೆ ಎಳೆಯುತ್ತಿದ್ದ. ಆಹಾರ ಅಂಟದ ಬಾಣಲೆಗಳಿಗೆ ಬಳಿಯುತ್ತಾರಲ್ಲ, ಅದೇ ಪದಾರ್ಥ. ಎಳೆದಾಗಲೆಲ್ಲ ಕಡ್ಡಿ ತುಂಡಾಗುತ್ತಿತ್ತು. ಬೇಸತ್ತು ಒಮ್ಮೆ ಜೋರಾಗಿ ಜಗ್ಗಿದ. ತುಂಡಾಗುವ ಬದಲು ಅದು ಹತ್ತು ಪಟ್ಟು ಉದ್ದವಾಯಿತು. ಹೀಗೆ ಹಿಗ್ಗಿದ ಪೊರೆಯ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ನೀರಿನ ಹನಿಗೆ ಅವು ತೀರ ಕಿರಿದು. ಆವಿಯ ಕಣಕ್ಕೆ ಧಾರಾಳ. 1976ರ ಹೊತ್ತಿಗೆ ಈ ಪೊರೆಯ ಜಾಕೆಟ್ಟುಗಳು ಮಾರುಕಟ್ಟೆಗೆ ಬಂದವು. ಅಗ್ಗದ ಜಾಕೆಟ್ಟುಗಳಲ್ಲಿ ಸಾಮಾನ್ಯವಾಗಿ ಇದರ ಬದಲು ಪಾಲಿಯುರೆಥೇನ್ ಎಂಬ ಲೇಪವಿರುತ್ತದೆ. ಇವನ್ನೆಲ್ಲ ಉಸಿರಾಡುವ ಬಟ್ಟೆ ಎನ್ನುವುದು ವಾಡಿಕೆ. ಆದರೆ ಈ ಬಟ್ಟೆ ತಾನಾಗಿ ಉಸಿರಾಡುವುದಿಲ್ಲ. ಒಳಗೆ ಆವಿ ಹೆಚ್ಚಾಗಿ, ಹೊರಗೆ ಕಡಿಮೆಯಾಗಿ ಇದ್ದಾಗ, ಆ ವ್ಯತ್ಯಾಸವೇ ಆವಿಯನ್ನು ಹೊರಕ್ಕೆ ತಳ್ಳುತ್ತದೆ. ಅದಕ್ಕೂ ಒಂದು ಮಿತಿಯುಂಟು. ನನ್ನಂತೆ ಎಲ್ಲವನ್ನೂ ಬಿಗಿದುಕೊಂಡು ಬೆಟ್ಟ ಹತ್ತಿದರೆ ಬೆವರು ಪೊರೆಯ ಶಕ್ತಿಯನ್ನು ಮೀರುತ್ತದೆ; ತಣ್ಣಗಾದ ಬಟ್ಟೆಯ ಒಳಮೈಯಲ್ಲಿ ಮತ್ತೆ ನೀರಾಗುತ್ತದೆ.

ಇಲ್ಲಿ ನನಗೆ ತಾಯಿಯ ಗೊರಬು ನೆನಪಾಗುತ್ತದೆ. ಬಿದಿರಿನ ಸೀಳುಗಳ ಹಂದರಕ್ಕೆ ಒಣಗರಿ ಹೊದಿಸಿದ, ತಲೆಯಿಂದ ಸೊಂಟದವರೆಗೆ ಬೆನ್ನು ಮುಚ್ಚುವ ಆ ಹೊದಿಕೆಯಡಿಯಲ್ಲಿ ಅವಳು ಆಷಾಢದ ಮಳೆಯಲ್ಲಿ ದಿನವಿಡೀ ಬಗ್ಗಿ ನೇಜಿ ನೆಡುತ್ತಿದ್ದಳು. ಗೊರಬು ಮೈಗೆ ಅಂಟುತ್ತಿರಲಿಲ್ಲ. ಮುಂಭಾಗವೆಲ್ಲ ತೆರೆದೇ ಇರುತ್ತಿತ್ತು. ಮಳೆ ಬೆನ್ನ ಮೇಲೆ ಜಾರಿ ಹೋದರೆ ಗಾಳಿ ಎದೆಯ ಕೆಳಗೆ ಹಾಯುತ್ತಿತ್ತು. ನಮ್ಮ ಮನೆಗಳ ಇಳಿಜಾರು ಮಾಡಿನದೂ ತೆರೆದ ಜಗಲಿಯದೂ ಇದೇ ನ್ಯಾಯ. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಚಾಚು ಮಾಡುಗಳನ್ನು ನೋಡುವಾಗಲೂ ನನಗೆ ಇದೇ ನೆನಪಾಗುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಹೊರಗಾಳಿಯೇ ನೀರು ಕುಡಿದು ತುಂಬಿರುತ್ತದೆ. ಹಿಮದ ನಾಡಿನ ಒಣ ಚಳಿಯಲ್ಲಿ ಆವಿಯನ್ನು ಹೊರಗೆಳೆಯುವ ಬಲ ಎಷ್ಟಿರುತ್ತದೋ, ಇಲ್ಲಿ ಅದರ ಅರ್ಧವೂ ಇರದು. ಆದ್ದರಿಂದ ಸ್ಕೀ ಜಾಕೆಟ್ ತೊಟ್ಟು ಚಾರ್ಮಾಡಿಯ ಮಳೆಯಲ್ಲಿ ನಡೆದವನು ಬೆವರಿನಲ್ಲಿ ನೆನೆಯುತ್ತಾನೆ. ಇಲ್ಲಿಗೆ ಸಡಿಲವಾದ ಮಳೆಯಂಗಿ, ಇಲ್ಲವೇ ನಮ್ಮ ಹಳೆಯ ಕೊಡೆಯೇ ಲೇಸು.

ಆದರೆ ನಮ್ಮ ಮಕ್ಕಳು ಮನಾಲಿಗೆ, ಗುಲ್ಮಾರ್ಗಿಗೆ, ಕೆನಡಕ್ಕೆ ಹೋಗುತ್ತಾರೆ. ಅವರಿಗೆ ಜಾಕೆಟ್ ಆರಿಸುವಾಗ ಏನು ನೋಡಬೇಕು? ಚೀಟಿಯ ಮೇಲೆ ಎರಡು ಅಂಕಿಗಳಿರುತ್ತವೆ. 10,000 ಮಿಲಿಮೀಟರ್ ಎಂದಿದ್ದರೆ ಹತ್ತು ಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೂ ಬಟ್ಟೆ ಸೋರುವುದಿಲ್ಲ ಎಂದರ್ಥ. ಹಿಮದಲ್ಲಿ ಆಡುವವರಿಗೆ ಸಾಮಾನ್ಯವಾಗಿ ಇಷ್ಟು ಸಾಕು; ಒದ್ದೆ ಹಿಮ, ಮಳೆ ಬೆರೆಯುವ ಕಡೆ 20,000 ಇರುವುದು ಒಳ್ಳೆಯದು. ಎರಡನೆಯ ಅಂಕಿ, ಒಂದು ಚದರ ಮೀಟರ್ ಬಟ್ಟೆ ದಿನಕ್ಕೆ ಎಷ್ಟು ಗ್ರಾಂ ಆವಿಯನ್ನು ಹೊರಬಿಡುತ್ತದೆ ಎಂಬುದು. ಇದನ್ನು ಅಳೆಯುವ ವಿಧಾನಗಳು ಹಲವಾದ್ದರಿಂದ ಒಬ್ಬ ತಯಾರಕನ ಅಂಕಿಯನ್ನು ಇನ್ನೊಬ್ಬನದರೊಡನೆ ಹೋಲಿಸುವಂತಿಲ್ಲ. ಅಂಕಿಗಿಂತ ಕಣ್ಣು ಮುಖ್ಯ. ಜಾಕೆಟ್ಟನ್ನು ಒಳಮಗ್ಗುಲಿಗೆ ತಿರುಗಿಸಿ ನೋಡಿ: ಸೂಜಿಯ ತೂತು ಪ್ರತಿಯೊಂದೂ ಒಂದು ಸೋರುವ ಬಾಯಿ, ಎಲ್ಲ ಹೊಲಿಗೆಗಳ ಮೇಲೂ ಟೇಪು ಅಂಟಿಸಿರಬೇಕು. ಕಂಕುಳಲ್ಲಿ ಜಿಪ್ಪು ಇರಬೇಕು. ಅದೇ ಗೊರಬಿನ ತೆರೆದ ಮುಂಭಾಗ. ಬಿದ್ದಾಗ ಹಿಮ ನುಗ್ಗದಂತೆ ಸೊಂಟದಲ್ಲಿ ಒಳಪಟ್ಟಿ, ಶಿರಸ್ತ್ರಾಣದ ಮೇಲೆ ಏಳುವಷ್ಟು ದೊಡ್ಡ ಟೊಪ್ಪಿ ಬೇಕು. ಒಳಗೆ ಉಣ್ಣೆಯೋ ಸಿಂಥೆಟಿಕ್ ಬಟ್ಟೆಯೋ ಇರಲಿ. ಹತ್ತಿಯ ಬನಿಯನ್ ಮಾತ್ರ ಬೇಡ. ಎಲ್ಲಕ್ಕಿಂತ ಮಿಗಿಲಾಗಿ, ಬೆವರು ಹುಟ್ಟುವ ಮೊದಲೇ ಜಿಪ್ಪು ಬಿಚ್ಚಬೇಕು, ಕುಳಿತ ಕೂಡಲೇ ಮುಚ್ಚಬೇಕು.

ಇನ್ನು ಆರೈಕೆ. ಇದರಲ್ಲಿಯೂ ನನಗೆ ಪಾಠವಾಗಿದೆ. ಊರಿಗೆ ಮರಳಿ, ಬೆಲೆಬಾಳುವ ಜಾಕೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟೆ. ಎರಡು ಮಳೆಗಾಲ ಕಳೆದು ತೆರೆದರೆ ಒಳಮೈ ಅಂಟಂಟಾಗಿ, ಹೊಪ್ಪಳೆ ಹೊಪ್ಪಳೆಯಾಗಿ ಉದುರಿತು, ಮೇಲೆ ಬೂಷ್ಟು. ಪಾಲಿಯುರೆಥೇನ್ ಲೇಪ ಸೆಕೆ ಮತ್ತು ತೇವದಲ್ಲಿ ಒಡೆದು ಹೋಗುವಂಥದು. ಮೈಯ ಕೊಳೆ, ಬೆವರಿನ ಜಿಡ್ಡು ಅದರ ಜೊತೆಗೂಡಿದರೆ ಕೇಳುವುದೇ ಬೇಡ. ತಾಯಿ ಗೊರಬನ್ನು ಒಲೆಯ ಮೇಲಿನ ಅಟ್ಟದಲ್ಲಿ, ಒಣ ಹೊಗೆ ತಾಗುವಂತೆ ಇಡುತ್ತಿದ್ದಳು. ಜಾಕೆಟ್ಟಿಗೆ ಹೊಗೆ ಬೇಡ. ಆದರೆ ಒಗೆದು, ಪೂರ್ತಿ ಒಣಗಿಸಿ, ಮಡಿಸದೆ, ಗಾಳಿಯಾಡುವಲ್ಲಿ ತೂಗುಹಾಕಬೇಕೆಂಬ ಬುದ್ಧಿ ಅದೇ.

ಒಗೆದರೆ ಕೆಡುತ್ತದೆ ಎಂಬುದು ತಪ್ಪು ಕಲ್ಪನೆ. ಒಗೆಯದೆ ಕೆಡುವುದೇ ಹೆಚ್ಚು. ಹೊರಮೈಯಲ್ಲಿ ನೀರನ್ನು ಜಾರಿಸುವ ತೆಳು ಲೇಪವೊಂದಿರುತ್ತದೆ. ಹೊಸ ಜಾಕೆಟ್ಟಿನ ಮೇಲೆ ನೀರು ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ಉರುಳುತ್ತದೆ. ಕೊಳೆ ಕೂತರೆ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ. ಆವಿಯ ದಾರಿ ಮುಚ್ಚುತ್ತದೆ. ಜಾಕೆಟ್ ಸೋರುತ್ತಿದೆ ಎಂದು ನಾವು ಭ್ರಮಿಸುತ್ತೇವೆ. ಮೊದಲು ಚೀಟಿಯ ಸೂಚನೆ ಓದಿ. ಜಿಪ್ಪುಗಳನ್ನು ಮುಚ್ಚಿ, ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪವೇ ದ್ರವ ಸಾಬೂನು ಹಾಕಿ ತೊಳೆಯಿರಿ. ಎರಡು ಬಾರಿ ಚೆನ್ನಾಗಿ ಜಾಲಾಡಿ. ಬಿಳುಪುಕಾರಕವಾಗಲಿ, ಬಟ್ಟೆ ಮೆತ್ತಗಾಗಿಸುವ ಪರಿಮಳದ ದ್ರವವಾಗಲಿ ಬೇಡ. ಹಿಂಡಬೇಡಿ, ಒಗೆಯುವ ಕಲ್ಲಿಗೆ ಬಡಿಯಬೇಡಿ. ಒಣಗಿದ ಮೇಲೆ, ಚೀಟಿಯಲ್ಲಿ ಅನುಮತಿಯಿದ್ದರೆ, ಮೇಲೊಂದು ಬಟ್ಟೆ ಹಾಸಿ ಹದ ಕಾವಿನ ಇಸ್ತ್ರಿ ಆಡಿಸಿದರೆ ಲೇಪ ಮತ್ತೆ ಚುರುಕಾಗುತ್ತದೆ. ಆಮೇಲೂ ಹನಿ ಉರುಳದಿದ್ದರೆ ಮಾತ್ರ ಹೊಸ ಲೇಪ ಸಿಂಪಡಿಸಬೇಕು. ಹಿಂದಿನ ಲೇಪಗಳಲ್ಲಿದ್ದ ಫ್ಲೋರಿನ್ ಸಂಯುಕ್ತಗಳು ನೀರಿನಲ್ಲೂ ಮಣ್ಣಿನಲ್ಲೂ ಕರಗಿ ಮಾಯವಾಗದೆ ಉಳಿಯುತ್ತವೆಂದು ತಿಳಿದ ಮೇಲೆ ಅನೇಕ ತಯಾರಕರು ಅವನ್ನು ಬಿಟ್ಟಿದ್ದಾರೆ. ಹೊಸ ಲೇಪಗಳು ಜಿಡ್ಡನ್ನು ಅಷ್ಟಾಗಿ ತಡೆಯಲಾರವು; ಆದ್ದರಿಂದ ಇವನ್ನು ಇನ್ನೂ ಆಗಾಗ ಒಗೆಯಬೇಕು.

ಕಳೆದ ಚಳಿಗಾಲದಲ್ಲಿ ಮೊಮ್ಮಗ ಔಲಿಗೆ ಹೊರಟಾಗ ದೂರವಾಣಿಯಲ್ಲಿ ನಾನು ಹೇಳಿದ್ದು ಒಂದೇ ಮಾತು: "ಚಳಿಯಾದಾಗಲ್ಲ ಮಗಾ, ಸೆಕೆಯಾದಾಗ ಜಾಕೆಟ್ಟನ್ನು ನೆನಪಿಸಿಕೋ." ಅವನು ನಕ್ಕ. ಸಂಜೆ ಅವನ ತಾಯಿ ಫೋನು ಮಾಡಿ, ಹುಡುಗ ಒಣಗಿದ ಮೈಯಲ್ಲಿ ಇಳಿದು ಬಂದ ಎಂದಳು. ಆ ರಾತ್ರಿ ನಾನು ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

(ಬಾನುಲಿ ಭಾಷಣ)