ರಾಮನ್ ಗೋಲಿನ ಹತ್ತೊಂಬತ್ತು ನಿಮಿಷ

ಜುಲೈ 31 ಸಂತ ಇಗ್ನೇಷಿಯಸ್ ಲೊಯೋಲರ ಹಬ್ಬ. ಯೇಸುಸಭೆಯ ಸ್ಥಾಪಕರಾದ ಈ ಸಂತರ ಹೆಸರು ಹೊತ್ತ ಶಾಲೆಯೊಂದು ನಮ್ಮ ಮಾನ್ವಿಯಲ್ಲೇ ಇರುವುದರಿಂದ ರಾಯಚೂರು ಸೀಮೆಯ ಕಥೋಲಿಕರಿಗೆ ಈ ದಿನ ಅಪರಿಚಿತವಲ್ಲ. ಆದರೆ ಇದೇ ದಿನಾಂಕಕ್ಕೆ ಇನ್ನೊಂದು ನೆನಪೂ ಅಂಟಿಕೊಂಡಿದೆ. ಬೆಂಗಳೂರಿನ ಹಳೆಯ ಫುಟ್‌ಬಾಲ್ ಅಭಿಮಾನಿಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದರು. ಪೋತ್ನಾಳದ ಎರೆಹೊಲಗಳ ಅಂಚಿನಲ್ಲಿ ಇಂದು ಚೆಂಡು ಒದೆಯುವ ನಮ್ಮ ಹುಡುಗರಿಗೆ ಮಾತ್ರ ಅದು ಇನ್ನೂ ತಲುಪಿಲ್ಲ. ಪರದೇಶದ ಆಟಗಾರರ ಹೆಸರುಗಳನ್ನು ಅವರು ಜಪಮಾಲೆಯ ಮಣಿಗಳಂತೆ ಒಂದೊಂದಾಗಿ ಎಣಿಸಬಲ್ಲರು. ಸಾರಂಗಪಾಣಿ ರಾಮನ್ ಯಾರೆಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

1948ರ ಜುಲೈ 31, ಶನಿವಾರ. ಲಂಡನ್ ಒಲಿಂಪಿಕ್ಸ್. ಲಂಡನ್ನಿನ ಹೊರವಲಯದ ಇಲ್ಫರ್ಡ್ ಎಂಬಲ್ಲಿಯ ಕ್ರಿಕಲ್‌ಫೀಲ್ಡ್ ಕ್ರೀಡಾಂಗಣದಲ್ಲಿ ಭಾರತಕ್ಕೆ ಎದುರಾಳಿ ಫ್ರಾನ್ಸ್. ಬರ್ಮಾ ತಂಡ ಹಿಂದೆ ಸರಿದಿದ್ದರಿಂದ ಭಾರತಕ್ಕೆ ಇದೇ ಮೊದಲ ಪಂದ್ಯವಾಗಿತ್ತು. ದೇಶ ಸ್ವತಂತ್ರವಾಗಿ ವರ್ಷವೂ ತುಂಬಿರಲಿಲ್ಲ. ನಾಯಕರು ನಾಗಾ ಬೆಟ್ಟಗಳಿಂದ ಬಂದ ತಾಲಿಮೆರೆನ್ ಆವೊ, ಬ್ಯಾಪ್ಟಿಸ್ಟ್ ಪಾದ್ರಿಯೊಬ್ಬರ ಮಗ, ಮುಂದೆ ವೈದ್ಯರಾದವರು. ಉಪನಾಯಕರು ಬಂಗಾಳದ ಶೈಲೇನ್ ಮನ್ನಾ. ನಮ್ಮ ಬೆಂಗಳೂರು ಕಡೆಯ ರಾಮನ್, ಅಹ್ಮದ್ ಖಾನ್, ವಜ್ರವೇಲು, ಗೋಲ್‌ಕೀಪರ್ ವರದರಾಜ್ ತಂಡದಲ್ಲಿದ್ದರು. ಇದರಲ್ಲಿ ಅಚ್ಚರಿಯೇನೂ ಇಲ್ಲ. ಅದಕ್ಕೆ ಸ್ವಲ್ಪ ಮುಂಚೆ, 1946-47ರಲ್ಲಿ, ಮೈಸೂರು ತಂಡ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. ಕಂಟೋನ್ಮೆಂಟಿನ ಬಯಲುಗಳಲ್ಲಿ ಬೆಳೆದ ಹುಡುಗರ ಕಾಲುಗಳ ಚಳಕವನ್ನು ಕಲ್ಕತ್ತೆಯ ಕ್ಲಬ್ಬುಗಳು ಆಗಲೇ ಅರಿತಿದ್ದವು.

ಹನ್ನೊಂದು ಮಂದಿಯಲ್ಲಿ ಎಂಟು ಮಂದಿ ಬೂಟಿಲ್ಲದೆ ಕಣಕ್ಕಿಳಿದರೆಂದು ಸಾಮಾನ್ಯವಾಗಿ ಬರೆಯಲಾಗಿದೆ. ಕಾಲಿಗೆ ಬಟ್ಟೆಪಟ್ಟಿ ಸುತ್ತಿಕೊಂಡು ಆಡುವುದು ಅಂದಿನ ನಮ್ಮ ಆಟಗಾರರಿಗೆ ಬಡತನದ ಗುರುತಷ್ಟೇ ಆಗಿರಲಿಲ್ಲ. ಚೆಂಡಿನ ಮೈಯನ್ನು ಬೆರಳುಗಳಿಂದಲೇ ತಿಳಿಯುವ ರೂಢಿ ಅದು. ಆಂಗ್ಲ ಪ್ರೇಕ್ಷಕರಿಗೆ ಮಾತ್ರ ಅದೊಂದು ವಿಸ್ಮಯ. ನಾವು ಆಡುವುದು ಫುಟ್‌ಬಾಲ್, ನಿಮ್ಮದು ಬೂಟ್‌ಬಾಲ್ ಎಂದು ಆವೊ ಅವರು ಪತ್ರಕರ್ತರಿಗೆ ಉತ್ತರಿಸಿದರೆಂಬ ಮಾತು ಇಂದಿಗೂ ಪ್ರಚಲಿತ.

30ನೆಯ ನಿಮಿಷದಲ್ಲಿ ರೆನೆ ಕೂರ್ಬೆಂ ಫ್ರಾನ್ಸಿಗೆ ಮೊದಲ ಗೋಲು ತಂದರು. ಭಾರತ ಎದೆಗುಂದಲಿಲ್ಲ. ಆ ಪಂದ್ಯದಲ್ಲಿ ಭಾರತಕ್ಕೆ ಒಂದಲ್ಲ, ಎರಡು ಪೆನಾಲ್ಟಿ ದೊರೆತವು. ಮನ್ನಾ ಒಂದನ್ನು ಒದ್ದರು, ಮಹಾವೀರ ಪ್ರಸಾದ್ ಇನ್ನೊಂದನ್ನು. ಎರಡೂ ವ್ಯರ್ಥವಾದವು. ಹನ್ನೆರಡು ಗಜ ದೂರದಿಂದ, ಗೋಲ್‌ಕೀಪರ್ ಒಬ್ಬನೇ ಎದುರಿಗಿರುವಾಗ, ಒಂದೇ ಪಂದ್ಯದಲ್ಲಿ ಎರಡು ಸಲ ಹೀಗಾದರೆ ಬೇರಾವ ತಂಡವಾದರೂ ಕೈಚೆಲ್ಲುತ್ತಿತ್ತು. ಆದರೆ 70ನೆಯ ನಿಮಿಷದಲ್ಲಿ ರಾಮನ್ ಅವರು ಚೆಂಡನ್ನು ಬಲೆಗೆ ಸೇರಿಸಿದರು. ಒಂದಕ್ಕೆ ಒಂದು. ಅಧಿಕೃತ ಅಂತರರಾಷ್ಟ್ರೀಯ ಪಂದ್ಯವೊಂದರಲ್ಲಿ ಸ್ವತಂತ್ರ ಭಾರತ ಗಳಿಸಿದ ಪ್ರಥಮ ಗೋಲು ಅದು.

ಸಮಬಲ 19 ನಿಮಿಷ ಉಳಿಯಿತು. ಆಟ ಮುಗಿಯಲು ಇನ್ನೊಂದೇ ನಿಮಿಷವಿದ್ದಾಗ ರೆನೆ ಪೆರ್ಸಿಯೋಂ ಫ್ರಾನ್ಸಿನ ಎರಡನೆಯ ಗೋಲನ್ನು ಹೊಡೆದರು. ಭಾರತ 1-2ರಿಂದ ಸೋತಿತು.

ಅಭಿಮಾನಿಗಳ ಸ್ಮೃತಿಯ ರೀತಿ ವಿಚಿತ್ರ. ಅಂಕಪಟ್ಟಿಯ ಪ್ರಕಾರ ನಿರ್ಣಾಯಕ ಗೋಲು ಪೆರ್ಸಿಯೋಂ ಅವರದು. ಅದನ್ನು ನಮ್ಮಲ್ಲಿ ಯಾರೂ ನೆನೆಯುವುದಿಲ್ಲ. ನೆನೆಯುವುದು ರಾಮನ್ ಅವರದನ್ನು. ಬೆಂಗಳೂರಿನಲ್ಲಿ ಹಳೆಯ ತಲೆಗಳು ಈ ಕಥೆಯನ್ನು ಹೇಳುವಾಗ ಕೇಳಿದವರಿಗೆ ಗೊತ್ತು, ಚೆಂಡು ಬಂದ ದಿಕ್ಕು, ದೂರ, ಒದ್ದ ಕಾಲು ಎಲ್ಲವೂ ಹೇಳುವವರಿಂದ ಹೇಳುವವರಿಗೆ ಬದಲಾಗುತ್ತದೆ. ಹೇಳುವವರಲ್ಲಿ ಬಹುಪಾಲು ಜನ ಆ ಗೋಲನ್ನು ಕಂಡವರಲ್ಲ. ನಮ್ಮ ನಾಡಿಗೆ ಆಗ ಟೆಲಿವಿಷನ್ ಬಂದಿರಲಿಲ್ಲ. ಅದು ಬಂದದ್ದೇ 1959ರಲ್ಲಿ, ಅದೂ ದಿಲ್ಲಿಗೆ. ಪತ್ರಿಕೆಯ ನಾಲ್ಕು ಸಾಲಿನ ಸುದ್ದಿಯ ಸುತ್ತ ಮನಸ್ಸು ಕಟ್ಟಿಕೊಂಡ ಗೋಲು ಅದು. ನಮಗೆ ಇದರಲ್ಲಿ ದೋಷವೇನೂ ಕಾಣುವುದಿಲ್ಲ. ಗೋಲಿನ ನಿಮಿಷವನ್ನು ಮಾತ್ರ ಯಾರೂ ಬದಲಿಸುವುದಿಲ್ಲವಲ್ಲ, ಅಷ್ಟು ಸಾಕು.

ಹಾಗಿದ್ದೂ ಆ ನೆನಪು ಮಸುಕಾದದ್ದೇಕೆ? ಒಂದು ಕಾರಣ ಹಾಕಿ. ಸರಿಯಾಗಿ ಹನ್ನೆರಡು ದಿನಗಳ ಬಳಿಕ, ಆಗಸ್ಟ್ 12ರಂದು, ವೆಂಬ್ಲಿಯಲ್ಲಿ ಭಾರತದ ಹಾಕಿ ತಂಡ ಬ್ರಿಟನ್ನನ್ನು 4-0ರಿಂದ ಸೋಲಿಸಿ ಚಿನ್ನ ತಂದಿತು. ಆಳಿದವರನ್ನು ಅವರ ರಾಜಧಾನಿಯಲ್ಲೇ ಮಣಿಸಿದ ಆ ಜಯದ ಮುಂದೆ ಸೋತ ಪಂದ್ಯದ ಒಂದು ಗೋಲು ಯಾರ ಲೆಕ್ಕಕ್ಕೆ ಬರುತ್ತದೆ? ಇಲ್ಲಿ ಇನ್ನೊಂದು ಸಂಗತಿಯುಂಟು. ಭಾರತವನ್ನು ದಾಟಿದ ಫ್ರಾನ್ಸ್ ಮುಂದಿನ ಸುತ್ತಿನಲ್ಲಿ ಎದುರಿಸಿದ್ದು ಬ್ರಿಟನ್ನನ್ನೇ. ಒಂದೇ ಗೋಲಿನಿಂದ ಸೋತಿತು. ಎರಡು ಪೆನಾಲ್ಟಿಗಳಲ್ಲಿ ಒಂದು ಗೋಲಾಗಿದ್ದರೂ ಫುಟ್‌ಬಾಲ್‌ನಲ್ಲೂ ಬ್ರಿಟನ್ನಿನ ಎದುರು ನಿಲ್ಲುವ ಅವಕಾಶ ನಮ್ಮದಾಗುತ್ತಿತ್ತೋ ಏನೋ! ಫ್ರಾನ್ಸಿನದು ಒಲಿಂಪಿಕ್ಸ್ ನಿಯಮದಂತೆ ಹವ್ಯಾಸಿ ಆಟಗಾರರ ತಂಡವಾಗಿತ್ತು, ವೃತ್ತಿಪರರ ಪೂರ್ಣಬಲದ ತಂಡವಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ನಮ್ಮವರಾದರೂ ಆಟದಿಂದ ಹೊಟ್ಟೆ ಹೊರೆದವರಲ್ಲ.

ಎದುರಾಳಿ ಫ್ರಾನ್ಸ್ ಆಗಿದ್ದುದು ಕಥೋಲಿಕ ಓದುಗರಿಗೆ ವಿಶೇಷವಾಗಿ ತೋರಬಹುದು. ಮೈಸೂರು ಸೀಮೆಯ ಧರ್ಮಸಭೆಯನ್ನು ದೀರ್ಘಕಾಲ ಪೋಷಿಸಿದವರು ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು. ಹಾಸನದ ಕಡೆಯ ಶೆಟ್ಟಿಹಳ್ಳಿ, ಸಾತಳ್ಳಿಗಳಲ್ಲಿ ಅಬ್ಬೆ ದ್ಯುಬುವಾ ಅವರ ಹೆಸರು ಇಂದಿಗೂ ಕೇಳಿಬರುತ್ತದೆ. ಬೆಂಗಳೂರಿನ ಸಂತ ಜೋಸೆಫರ ಕಾಲೇಜನ್ನು 1882ರಲ್ಲಿ ಆರಂಭಿಸಿದವರೂ ಅವರೇ. 1937ರಲ್ಲಿ ಅದು ಯೇಸುಸಭೆಯ ಕೈಗೆ ಬಂದಿತು. ಹೀಗೆ ಫ್ರೆಂಚ್ ಗುರುಗಳು ಅಕ್ಷರ ಕಲಿಸಿದ ಊರಿನ ಯುವಕರೊಬ್ಬರು ಫ್ರಾನ್ಸಿನ ಬಲೆಗೇ ಚೆಂಡು ಹೊಡೆದರು, ಅದೂ ಇಗ್ನೇಷಿಯಸರ ಹಬ್ಬದ ದಿನ! ಇದು ಕೇವಲ ಕಾಕತಾಳೀಯ. ಆದರೂ ಹಬ್ಬದೂಟದ ಪಂಕ್ತಿಯಲ್ಲಿ ಹೇಳಿ ನಗಬಹುದಾದ ಕಾಕತಾಳೀಯ.

ನಮ್ಮ ಸೀಮೆಯವರು ಕೇಳಬೇಕಾದ ಪ್ರಶ್ನೆ ಬೇರೆ. ರಾಮನ್ ಅವರು ಆ ಗೋಲು ಹೊಡೆದ ದಿನ ಪೋತ್ನಾಳ ಸ್ವತಂತ್ರ ಭಾರತದಲ್ಲಿ ಇರಲೇ ಇಲ್ಲ. ರಾಯಚೂರು ಜಿಲ್ಲೆಯೆಲ್ಲ ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅದು ರಜಾಕಾರರ ಹಾವಳಿಯ ಕಾಲ. ಜನರಿಗೆ ಆಟದ ಸುದ್ದಿಗಿಂತ ಜೀವದ ಚಿಂತೆ ಹೆಚ್ಚು. ಭಾರತದ ಸೇನೆ ಒಳಬಂದು ಸಂಸ್ಥಾನ ಶರಣಾದದ್ದು ಸೆಪ್ಟೆಂಬರ್ 17ರಂದು, ಆ ಪಂದ್ಯ ಮುಗಿದು ಏಳು ವಾರಗಳಾಗುವ ಹೊತ್ತಿಗೆ. ಆದುದರಿಂದ ದೇಶದ ಆ ಪ್ರಥಮ ಗೋಲಿಗೆ ಬೆಂಗಳೂರಿನವರು ಕುಣಿದಾಗ ನಮ್ಮ ಹಿರಿಯರಿಗೆ ಕುಣಿಯುವ ಹಕ್ಕೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಅನಂತರದ ವರ್ಷಗಳಲ್ಲಿ ಫುಟ್‌ಬಾಲ್ ಎಂದರೆ ಈ ಸಂಸ್ಥಾನದವರಿಗೆ ಹೈದರಾಬಾದ್ ಸಿಟಿ ಪೊಲೀಸ್ ತಂಡವೇ ಆಯಿತು. ಸೈಯದ್ ಅಬ್ದುಲ್ ರಹೀಮ್ ಅವರ ಗರಡಿಯಲ್ಲಿ ಪಳಗಿದ ಆ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗಲೇ ರಾಮನ್, ಅಹ್ಮದ್ ಖಾನರು ನಮಗೂ ಸ್ವಂತದವರಾದರು. ಅದಾಗಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಗೋವಾ ಮೂಲದ ನೆವಿಲ್ ಡಿಸೋಜಾ ಆಸ್ಟ್ರೇಲಿಯಾದ ವಿರುದ್ಧ ಮೂರು ಗೋಲು ಹೊಡೆದು ಭಾರತವನ್ನು ಉಪಾಂತ್ಯಕ್ಕೆ ಒಯ್ದರು. ಕ್ರೈಸ್ತ ಬಂಧುಗಳು ಡಿಸೋಜಾ ಅವರನ್ನು ಹೆಮ್ಮೆಯಿಂದ ನೆನೆಯುತ್ತಾರೆ, ನೆನೆಯಲೂಬೇಕು. ಆದರೆ ದಾರಿ ತೆರೆದವರು ರಾಮನ್ ಎಂಬುದನ್ನು ಮರೆತು ನೆನೆಯುವುದು ನಮಗೆ ಸರಿ ತೋರುವುದಿಲ್ಲ.

ಬರಿಗಾಲಿನ ಬಗ್ಗೆ ಒಂದು ತಪ್ಪು ಕಥೆ ಬಹಳ ಹಬ್ಬಿದೆ. ಬೂಟು ಹಾಕುವುದಿಲ್ಲವೆಂಬ ಕಾರಣಕ್ಕೆ 1950ರ ವಿಶ್ವಕಪ್ಪಿನಿಂದ ಭಾರತವನ್ನು ಹೊರಗಿಟ್ಟರೆಂದು ಶಾಲಾ ಶಿಕ್ಷಕರೂ ಹೇಳುವುದುಂಟು. ಬ್ರೆಜಿಲ್‌ಗೆ ಹೋಗುವ ಅವಕಾಶ ದೊರೆತಿದ್ದರೂ ಹಿಂದೆ ಸರಿದವರು ನಮ್ಮವರೇ. ಆಗ ಒಲಿಂಪಿಕ್ಸೇ ದೊಡ್ಡದಾಗಿ ಕಾಣುತ್ತಿತ್ತೆಂದು ಮನ್ನಾ ಅವರೇ ಮುಂದೆ ಹೇಳಿದ್ದಾರೆ. ಬೂಟು ಕಡ್ಡಾಯವಾದದ್ದು 1952ರ ಹೆಲ್ಸಿಂಕಿಯ ಬಳಿಕ. ಅಲ್ಲಿನ ಚಳಿಯಲ್ಲಿ ಯುಗೊಸ್ಲಾವಿಯಾ ಭಾರತವನ್ನು 10-1ರಿಂದ ಸದೆಬಡಿಯಿತು. ಆ ಒಂದು ಗೋಲು ಯಾರದು? ಬೆಂಗಳೂರಿನ ಅಹ್ಮದ್ ಖಾನರದು. ಅಂದರೆ ಸ್ವತಂತ್ರ ಭಾರತ ಆಡಿದ ಮೊದಲ ಎರಡು ಒಲಿಂಪಿಕ್ಸ್‌ಗಳಲ್ಲಿ ಫುಟ್‌ಬಾಲ್ ತಂಡ ಗಳಿಸಿದ್ದೇ ಎರಡು ಗೋಲು, ಎರಡೂ ಒಂದೇ ಊರಿನವರ ಕಾಲಿನಿಂದ. ಖಾನರು 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಮನ್ನಾ ಅವರು 2012ರಲ್ಲೇ ಹೋಗಿದ್ದರು. ಇನ್ನು ಮುಂದೆ ಈ ಕಥೆಗೆ ಸಾಕ್ಷಿ ನುಡಿಯುವವರು ಅಭಿಮಾನಿಗಳು ಮಾತ್ರ.

2023ರ ಮಾರ್ಚ್ 4ರಂದು ಕರ್ನಾಟಕ ತಂಡ ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು. ರಾಬಿನ್ ಯಾದವ್ ಅವರ ಫ್ರೀಕಿಕ್ ಗೋಲನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ಹತ್ತು ಸಲ ನೋಡಬಹುದು. ಅದನ್ನು ಯಾರೂ ಯಾರಿಗೂ ಬಣ್ಣಿಸಿ ಹೇಳಬೇಕಾಗಿಲ್ಲ. ರಾಮನ್ ಅವರ ಗೋಲಿನ ಅದೃಷ್ಟ ಅಂಥದ್ದಲ್ಲ; ಹೇಳಿದರೆ ಮಾತ್ರ ಅದು ಉಳಿಯುತ್ತದೆ.

ನಾಲೆಗೆ ನೀರು ಬಂದು ನಾಟಿಗೆ ಗದ್ದೆ ಹದಗೊಳ್ಳುವ ದಿನಗಳಲ್ಲೇ ಇಗ್ನೇಷಿಯಸರ ಹಬ್ಬವೂ ಬರುತ್ತದೆ. ಒಂದು ಮಳೆ ಬಿದ್ದರೆ ನಮ್ಮ ಎರೆಮಣ್ಣು ಬೂಟಿಗೆ ಸೇರುಗಟ್ಟಲೆ ಅಂಟಿಕೊಂಡು ಹುಡುಗರು ತಾವಾಗಿಯೇ ಬರಿಗಾಲಾಗುತ್ತಾರೆ. ಪೋತ್ನಾಳ, ಮಾನ್ವಿ, ದೇವದುರ್ಗದ ಕಡೆ ಅಂದು ಬಲಿಪೂಜೆಯ ಅನಂತರ ಎಲ್ಲೆಲ್ಲಿ ಚೆಂಡಾಟವಿದೆಯೋ ಅಲ್ಲಿನ ಗುರುಗಳಲ್ಲಿ, ಉಪದೇಶಿಗಳಲ್ಲಿ, ಶಿಕ್ಷಕರಲ್ಲಿ ನಮ್ಮದೊಂದು ವಿನಂತಿ. ಸೀಟಿ ಊದುವ ಮೊದಲು ಮಕ್ಕಳನ್ನು ಕೂರಿಸಿಕೊಂಡು ಇಲ್ಫರ್ಡಿನ ಈ ಪಂದ್ಯವನ್ನು ಹೇಳಿ. ತಪ್ಪಿದ ಎರಡು ಪೆನಾಲ್ಟಿಗಳನ್ನೂ ಮರೆಯದೆ ಹೇಳಿ. ಐದು ನಿಮಿಷ ಸಾಕಾಗುತ್ತದೆ.